ಆ ಉಡುಗೊರೆಯ ಬೆಲೆಯನ್ನು ಯಾರೋ ತೆತ್ತಿದ್ದಾರೆ

ಆ ಫೋನು ನಿಮಗೂ ಬಂದಿರುತ್ತದೆ. ಮಾಲಿನಲ್ಲೋ ಪೆಟ್ರೋಲ್ ಬಂಕಿನಲ್ಲೋ ವಸ್ತುಪ್ರದರ್ಶನದ ಮಳಿಗೆಯಲ್ಲೋ ಯಾವತ್ತೋ ತುಂಬಿಕೊಟ್ಟ ಕೂಪನ್ನನ್ನು ನೀವು ಮರೆತಿರುತ್ತೀರಿ, ಅವರು ಮರೆತಿರುವುದಿಲ್ಲ. ‘ಅಭಿನಂದನೆಗಳು ಸರ್, ಲಕ್ಕಿ ಡ್ರಾದಲ್ಲಿ ನಿಮ್ಮ ಹೆಸರು ಬಂದಿದೆ, ಗಿಫ್ಟ್ ರೆಡಿಯಾಗಿದೆ, ಭಾನುವಾರ ಹೋಟೆಲಿಗೆ ಬಂದು ತಗೊಂಡು ಹೋಗಿ, ಮೇಡಮ್ ಅವರನ್ನೂ ಕರಕೊಂಡೇ ಬರಬೇಕು, ಒಂದೂವರೆ ಗಂಟೆ ಒಂದು ಸಣ್ಣ ಪ್ರೆಸೆಂಟೇಶನ್ ಇರುತ್ತೆ ಅಷ್ಟೇ, ಏನೂ ಕೊಳ್ಳಲೇಬೇಕು ಅಂತೇನಿಲ್ಲ.’ ವಯಸ್ಸೆಷ್ಟು, ಕೆಲಸ ಎಲ್ಲಿ, ಕ್ರೆಡಿಟ್ ಕಾರ್ಡ್ ಇದೆಯಾ ಎಂಬ ಮೂರು ಪ್ರಶ್ನೆಗಳನ್ನು ಅದೇ ಉಸಿರಿನಲ್ಲಿ ಕೇಳಿರುತ್ತಾರೆ. ಗೆದ್ದವರಿಗೆ ಬಹುಮಾನ ಕೊಡಲು ಅವರ ಕ್ರೆಡಿಟ್ ಕಾರ್ಡು ಯಾಕೆ ಬೇಕು ಎಂಬುದು ನಿಮಗೆ ಹೊಳೆಯದೆ ಇರುವುದಿಲ್ಲ. ಕರೆದವರು ಮಾರಲು ಕೂತಿರುವುದು ಟೈಮ್‌ಶೇರ್, ಹಾಲಿಡೇ ಮೆಂಬರ್‌ಶಿಪ್, ವರ್ಷಕ್ಕೊಂದು ವಾರದಂತೆ ಹತ್ತೋ ಇಪ್ಪತ್ತೈದೋ ವರ್ಷದ ರಜೆಯನ್ನು ಇವತ್ತೇ ಕೊಳ್ಳುವ ಕರಾರು. ನಿಮಗೆ ಗೊತ್ತು.

ನಿಮಗೆ ಗೊತ್ತು, ಅದಕ್ಕೇ ಈ ಮಾತನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಗೊತ್ತಿದ್ದೂ ಹೋಗಿ, ಅವರ ಕಾಫಿ ಕುಡಿದು, ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಕೊನೆಗೆ ‘ಯೋಚನೆ ಮಾಡಿ ಹೇಳ್ತೀವಿ’ ಎಂದು ಎದ್ದು, ಡಿನ್ನರ್ ಸೆಟ್ಟನ್ನೋ ಗಿಫ್ಟ್ ವೋಚರನ್ನೋ ಹಿಡಿದುಕೊಂಡು ಮನೆಗೆ ಬಂದು, ‘ಏನೂ ಆಗಲ್ಲ, ನೀವೂ ಹೋಗಿ ಬನ್ನಿ’ ಎಂದು ಪಕ್ಕದ ಮನೆಯವರಿಗೆ ಹೇಳುವ ನಿಮ್ಮ ಮುಂದೆ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಗಾದೆಗೆ ನಾವೆಲ್ಲ ನಕ್ಕವರೇ. ಆದರೆ ಒಂದು ಕ್ಷಣ ನಿಂತು ಕೇಳಿಕೊಳ್ಳೋಣ: ಆ ಪುಕ್ಕಟೆ ಎಲ್ಲಿಂದ ಬಂತು? ಅಂಗಡಿಯಲ್ಲಿ ಬೆಲೆಯಿರುವ ವಸ್ತು ನಿಮ್ಮ ಕೈಗೆ ಬರುವಾಗ ಮಾತ್ರ ಬೆಲೆಯಿಲ್ಲದ್ದು ಹೇಗಾಯಿತು? ಆ ಉಡುಗೊರೆಯ ಬೆಲೆಯನ್ನು ಯಾರೋ ತೆತ್ತಿದ್ದಾರೆ.

ಲೆಕ್ಕ ಬಹಳ ಸರಳ. ಹೋಟೆಲಿನ ಹಾಲಿಗೆ ಬಾಡಿಗೆ, ಕಾಫಿ ತಿಂಡಿ, ದಿನವಿಡೀ ಫೋನು ಮಾಡುವ ಹುಡುಗ ಹುಡುಗಿಯರ ಸಂಬಳ, ಎದುರು ಕೂತು ಮಾತಾಡುವವರ ಕಮಿಷನ್ನು, ಬಂದವರಿಗೆಲ್ಲ ಕೊಡುವ ಗಿಫ್ಟು. ಒಂದು ಸಂಜೆ ಇಪ್ಪತ್ತು ಜೋಡಿ ಬಂದರು ಎಂದು ಇಟ್ಟುಕೊಳ್ಳಿ. ಹದಿನೆಂಟು ಜೋಡಿ ನಿಮ್ಮ ಹಾಗೆಯೇ ಜಾಣರು, ಗಿಫ್ಟು ತೆಗೆದುಕೊಂಡು ಎದ್ದು ಹೋದರು ಎಂದು ಇಟ್ಟುಕೊಳ್ಳಿ. ಎರಡು ಜೋಡಿ ಸಹಿ ಹಾಕಿದರು. ಹದಿನೆಂಟು ಜೋಡಿಯ ಕಾಫಿ, ಹದಿನೆಂಟು ಜೋಡಿಯ ಉಡುಗೊರೆ, ಇಡೀ ಸಂಜೆಯ ಖರ್ಚು, ಅದರ ಮೇಲಿನ ಲಾಭ ಎಲ್ಲವೂ ಆ ಎರಡು ಸಹಿಗಳ ಕೆಳಗೆ ಕೂತಿದೆ. ಕಂಪನಿ ತನ್ನ ಜೇಬಿನಿಂದ ಯಾರಿಗೂ ಏನನ್ನೂ ಕೊಡುವುದಿಲ್ಲ, ಅದು ಒಬ್ಬರ ಜೇಬಿನಿಂದ ತೆಗೆದು ಇನ್ನೊಬ್ಬರಿಗೆ ಕೊಡುತ್ತದೆ. ಇಲ್ಲ ಎನ್ನಲು ಬಾಯಿ ಬಾರದವರಿಂದ ತೆಗೆದು, ಇಲ್ಲ ಎನ್ನಬಲ್ಲವರಿಗೆ ಕೊಡುತ್ತದೆ.

ಆ ಎರಡು ಜೋಡಿ ಯಾರು ಎಂದು ನೀವು ತಿರುಗಿ ನೋಡಿದ್ದೀರಾ? ನಿವೃತ್ತಿಯ ಹಣ ಬ್ಯಾಂಕಿಗೆ ಬಂದು ಇನ್ನೂ ತಿಂಗಳಾಗದ ಮೇಷ್ಟ್ರು ಒಬ್ಬರು, ಮಕ್ಕಳ ಓದು, ಮಗಳ ಮದುವೆ, ಮನೆಯ ಸಾಲ ಎಂದು ಮೂವತ್ತೈದು ವರ್ಷ ಧರ್ಮಸ್ಥಳ ತಿರುಪತಿ ಬಿಟ್ಟು ಎಲ್ಲಿಗೂ ಹೋಗದೆ, ಇನ್ನಾದರೂ ಇವಳಿಗೆ ಹಿಮಾಲಯ ತೋರಿಸಬೇಕು ಎಂದುಕೊಂಡವರು. ಮನೆತನದಲ್ಲೇ ಮೊದಲ ಬಾರಿಗೆ ತಿಂಗಳ ಸಂಬಳ ಕಂಡ ಹುಡುಗನೊಬ್ಬ, ಹೊಸದಾಗಿ ಮದುವೆಯಾದವನು, ಹೆಂಡತಿಯ ಎದುರು ‘ಇದು ನಮ್ಮ ಕೈಲಾಗಲ್ಲ’ ಎನ್ನಲು ನಾಲಿಗೆ ಏಳದವನು. ಅವನ ಪಕ್ಕದಲ್ಲಿ ಕೂತ ಹುಡುಗಿ, ಏನೋ ಸರಿಯಿಲ್ಲ ಎಂದು ಅನ್ನಿಸಿದರೂ, ಹೊರಗಿನವರ ಮುಂದೆ ಗಂಡನ ಮಾತಿಗೆ ಅಡ್ಡ ಬರಬಾರದೆಂದು ಸುಮ್ಮನಾದವಳು. ಇವರು ದುರಾಸೆಯವರಲ್ಲ, ದಡ್ಡರೂ ಅಲ್ಲ. ಎದುರಿಗಿದ್ದವರ ಮನಸ್ಸು ನೋಯಿಸಬಾರದೆಂದು ಬೆಳೆದವರು. ಆ ಸಂಜೆ ನೀವು ತಂದ ಉಡುಗೊರೆಯ ಬೆಲೆಯನ್ನು ತೆತ್ತವರು ಇವರು.

ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂದು ನಮ್ಮ ಹಿರಿಯರು ಕಲಿಸಿದರು. ಒಬ್ಬರ ಮನೆಯಲ್ಲಿ ನೀರು ಕುಡಿದ ಮೇಲೆ ಅವರ ಮುಖಕ್ಕೆ ಹೊಡೆದ ಹಾಗೆ ಇಲ್ಲ ಎನ್ನಬಾರದು ಎಂಬ ದಾಕ್ಷಿಣ್ಯವನ್ನು ನಾವು ಎದೆಹಾಲಿನ ಜೊತೆಗೇ ಪಡೆದು ಬಂದಿದ್ದೇವೆ. ಕೊಟ್ಟದ್ದನ್ನು ಪಡೆದವನ ಮನಸ್ಸು ತಿರುಗಿ ಏನಾದರೂ ಕೊಡುವವರೆಗೆ ನೆಮ್ಮದಿಯಿಂದ ಇರುವುದಿಲ್ಲ ಎಂಬುದನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ 1984ರಲ್ಲಿ ಪುಸ್ತಕ ಬರೆದು ವಿವರಿಸಿದರು. ನಮ್ಮ ಅಜ್ಜಿಯರಿಗೆ ಅದು ಪುಸ್ತಕವಿಲ್ಲದೆಯೇ ತಿಳಿದಿತ್ತು. ಹೋಟೆಲಿನ ಆ ಹಾಲಿನಲ್ಲಿ ಮೊದಲು ಕಾಫಿ ಕೊಡುವುದು, ಮೊದಲೇ ಗಿಫ್ಟಿನ ಮಾತೆತ್ತುವುದು, ‘ಅಪ್ಪಾಜಿ’, ‘ಅಮ್ಮಾ’ ಎಂದು ಕರೆಯುವುದು ಇದೇ ಕಾರಣಕ್ಕೆ. ನಮ್ಮಲ್ಲಿರುವ ಅತ್ಯಂತ ಒಳ್ಳೆಯ ಗುಣವನ್ನೇ ಗುರುತಿಸಿ, ಅದನ್ನೇ ಹಗ್ಗ ಮಾಡಿ, ಅದರಿಂದಲೇ ನಮ್ಮನ್ನು ಕಟ್ಟಿಹಾಕುವ ವ್ಯಾಪಾರ ಇದು. ಯಾರಲ್ಲಿ ದಾಕ್ಷಿಣ್ಯ ಹೆಚ್ಚೋ ಅವರೇ ಹೆಚ್ಚು ತೆರುತ್ತಾರೆ. ಇದಕ್ಕಿಂತ ನೋವಿನ ಸಂಗತಿ ಇನ್ನೇನಿದೆ?

ಒಳಗೆ ಏನು ನಡೆಯುತ್ತದೆ ಎಂಬುದೂ ನಿಮಗೆ ಗೊತ್ತು. ವರ್ಷಕ್ಕೆ ಟೂರಿಗೆ ಎಷ್ಟು ಖರ್ಚು ಮಾಡ್ತೀರಿ ಎಂದು ಕೇಳಿ, ಅದನ್ನು ಇಪ್ಪತ್ತೈದರಿಂದ ಗುಣಿಸಿ, ಬೆಲೆಯೇರಿಕೆಯನ್ನೂ ಸೇರಿಸಿ, ನಿಮ್ಮ ಕಣ್ಣೆದುರೇ ಕಾಗದದ ಮೇಲೆ ಒಂದು ದೊಡ್ಡ ಮೊತ್ತ ಬರೆಯುತ್ತಾರೆ. ಅದರ ಪಕ್ಕದಲ್ಲಿ ಮೆಂಬರ್‌ಶಿಪ್ಪಿನ ಬೆಲೆ ಸಣ್ಣದಾಗಿ ಕಾಣುತ್ತದೆ. ಪಕ್ಕದ ಮೇಜಿನಲ್ಲಿ ಯಾರೋ ಸಹಿ ಹಾಕಿದರೆಂದು ಚಪ್ಪಾಳೆ ಏಳುತ್ತದೆ. ಒಂದೂವರೆ ಗಂಟೆ ಮೂರು ಗಂಟೆಯಾಗುತ್ತದೆ, ಮಗು ಅಳುತ್ತದೆ, ಗಿಫ್ಟು ಮಾತ್ರ ಕೊನೆಗೇ ಸಿಗುವುದು. ನೀವು ಬೇಡವೆಂದಾಗ ಮ್ಯಾನೇಜರು ಬರುತ್ತಾರೆ, ಬೆಲೆ ಒಮ್ಮೆಗೇ ಇಳಿಯುತ್ತದೆ, ‘ಈ ರೇಟು ಇವತ್ತಿಗೆ ಮಾತ್ರ, ಈ ಬಾಗಿಲು ದಾಟಿದರೆ ಇಲ್ಲ’ ಎನ್ನುತ್ತಾರೆ. ನಾಳೆಗೆ ಇಲ್ಲವಾಗುವ ಬೆಲೆ ನಿಜವಾದ ಬೆಲೆಯೇ ಅಲ್ಲ ಎಂಬುದು ನಿಮಗೆ ಗೊತ್ತು. ಆಮೇಲೆ ಆ ಕೊನೆಯ ಮಾತು: ‘ಹೆಂಡತಿ ಮಕ್ಕಳಿಗೆ ಇಷ್ಟಾದರೂ ಮಾಡಬಾರದಾ ಸರ್?’ ಈ ಮಾತನ್ನು ಹೆಂಡತಿ ಮಕ್ಕಳ ಎದುರೇ ಕೇಳಬೇಕೆಂದು ಇಬ್ಬರನ್ನೂ ಕರೆಸಿದ್ದು. ಮೇಷ್ಟ್ರು ಕಾರ್ಡು ಕೊಡುತ್ತಾರೆ. ಒಮ್ಮೆ ಸ್ವೈಪು. ಉಳಿದದ್ದಕ್ಕೆ ಇಎಂಐ.

ಇಲ್ಲಿ ಇನ್ನೊಂದು ಅನ್ಯಾಯವಿದೆ, ಅದನ್ನು ಕನ್ನಡಿಗರಾದ ನಾವು ಬೇರೆಯಾಗಿಯೇ ನೆನೆಯಬೇಕು. ಮಾತೆಲ್ಲ ಕನ್ನಡದಲ್ಲಿ, ಕರಾರು ಮಾತ್ರ ಇಂಗ್ಲಿಷಿನಲ್ಲಿ. ‘ಯಾವಾಗ ಬೇಕಾದರೂ ಹೋಗಬಹುದು’ ಎಂದು ಹೇಳಿದ್ದು ಕನ್ನಡದಲ್ಲಿ. ಕೊಂಡ ಸೀಸನ್ನು ಬಿಟ್ಟು ಬೇರೆ ಕಾಲಕ್ಕೆ ಅವಕಾಶವಿಲ್ಲ, ರೂಮು ಖಾಲಿ ಇದ್ದರೆ ಮಾತ್ರ ಎಂದು ಬರೆದದ್ದು ಇಂಗ್ಲಿಷಿನಲ್ಲಿ. ‘ಬೇಡ ಅನ್ನಿಸಿದರೆ ದುಡ್ಡು ವಾಪಸ್’ ಎಂದು ಹೇಳಿದ್ದು ಕನ್ನಡದಲ್ಲಿ. ಪ್ರವೇಶ ಶುಲ್ಕ ಹಿಂತಿರುಗಿಸಲಾಗದು ಎಂದು ಬರೆದದ್ದು ಇಂಗ್ಲಿಷಿನಲ್ಲಿ. ಕೊನೆಯ ಪುಟದಲ್ಲೆಲ್ಲೋ, ಈ ಕಾಗದದಲ್ಲಿ ಇಲ್ಲದ ಯಾವ ಬಾಯಿಮಾತಿಗೂ ಕಂಪನಿ ಹೊಣೆಯಲ್ಲ ಎಂಬ ಸಾಲು ಸಣ್ಣ ಅಕ್ಷರದಲ್ಲಿ ಕೂತಿರುತ್ತದೆ. ಮೇಷ್ಟ್ರು ಊರಿನ ಮಕ್ಕಳಿಗೆಲ್ಲ ಅಕ್ಷರ ಕಲಿಸಿದವರು. ತಮ್ಮ ಉಳಿತಾಯದ ಮೇಲೆ ಸಹಿ ಹಾಕುವಾಗ ಅವರಿಗೆ ಅಕ್ಷರವೇ ಸಹಾಯಕ್ಕೆ ಬರಲಿಲ್ಲ.

ಆಮೇಲೆ ವರ್ಷಗಳು ಬರುತ್ತವೆ. ಹೋದರೂ ಹೋಗದಿದ್ದರೂ ವಾರ್ಷಿಕ ಮೇಂಟೆನೆನ್ಸ್ ಶುಲ್ಕದ ಬಿಲ್ಲು ಬರುತ್ತದೆ, ವರ್ಷದಿಂದ ವರ್ಷಕ್ಕೆ ಏರುತ್ತದೆ. ಮೊಮ್ಮಕ್ಕಳ ಬೇಸಿಗೆ ರಜೆಗೆ ಕೇಳಿದರೆ ರೂಮು ಭರ್ತಿ, ದಸರಾಕ್ಕೆ ಕೇಳಿದರೆ ಭರ್ತಿ, ಮಳೆಗಾಲದ ನಡುವಿನ ಯಾವುದೋ ಮಂಗಳವಾರಕ್ಕೆ ಮಾತ್ರ ಖಾಲಿ. ಅಮ್ಮನ ಮಂಡಿಗೆ ಶಸ್ತ್ರಚಿಕಿತ್ಸೆಯಾದ ವರ್ಷವೂ ಶುಲ್ಕ ಕಟ್ಟಬೇಕು, ಅಪ್ಪ ಇಲ್ಲವಾದ ವರ್ಷವೂ ಪತ್ರ ಅಪ್ಪನ ಹೆಸರಿಗೇ ಬರುತ್ತದೆ. ಮಾರಿಬಿಡೋಣ ಎಂದರೆ ಕೊಳ್ಳುವವರಿಲ್ಲ. ಹೀಗೆ ಸಿಕ್ಕಿಬಿದ್ದವರನ್ನು ಹುಡುಕಿಕೊಂಡು ‘ನಿಮ್ಮ ಮೆಂಬರ್‌ಶಿಪ್ ಮಾರಿಕೊಡುತ್ತೇವೆ, ಮೊದಲು ಇಷ್ಟು ಶುಲ್ಕ ಕಟ್ಟಿ’ ಎನ್ನುವ ಎರಡನೆಯ ಕಳ್ಳರು ಬರುತ್ತಾರೆ. ಮೆಕ್ಸಿಕೊದ ಟೈಮ್‌ಶೇರ್ ಹೆಸರಿನ ಇಂಥ ವಂಚನೆಗಳಲ್ಲಿ 2019ರಿಂದ 2023ರವರೆಗೆ ಸುಮಾರು 6,000 ಅಮೆರಿಕನ್ನರು ಒಟ್ಟು 30 ಕೋಟಿ ಡಾಲರಿನಷ್ಟು ಕಳೆದುಕೊಂಡದ್ದಾಗಿ ದೂರಿದ್ದಾರೆಂದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಲೆಕ್ಕ ಕೊಟ್ಟಿದೆ. ವಂಚಕರು ಹೆಚ್ಚಾಗಿ ಹುಡುಕಿಕೊಂಡು ಹೋದದ್ದು ವಯಸ್ಸಾದವರನ್ನೇ. ಇದು ಹೊರದೇಶದ ಕತೆ ಎಂದು ಬದಿಗಿಡಬೇಡಿ. ಅಮೆರಿಕದ ಮಗಳ ಮನೆಗೆ ಹೋದ ನಮ್ಮ ಅಪ್ಪ ಅಮ್ಮಂದಿರೂ ಒರ್ಲ್ಯಾಂಡೊದಲ್ಲಿ ಥೀಮ್ ಪಾರ್ಕಿನ ಅಗ್ಗದ ಟಿಕೆಟ್ಟಿಗಾಗಿ, ಲಾಸ್ ವೇಗಸ್ಸಿನಲ್ಲಿ ಶೋ ಟಿಕೆಟ್ಟಿಗಾಗಿ ಅಂಥದೇ ಹಾಲುಗಳಲ್ಲಿ ಕೂರುತ್ತಾರೆ.

ಇನ್ನು ಆ ಉಡುಗೊರೆ. ಅದಾದರೂ ಆ ಭಾನುವಾರಕ್ಕೆ ತಕ್ಕದ್ದೇ? ‘ಮೂರು ಹಗಲು ಎರಡು ರಾತ್ರಿ ಉಚಿತ’ ಎಂಬ ವೋಚರನ್ನು ತಿರುಗಿಸಿ ಓದಿ. ಪ್ರಯಾಣದ ಖರ್ಚು ನಿಮ್ಮದು, ಊಟ ನಿಮ್ಮದು, ತೆರಿಗೆ ನಿಮ್ಮದು, ‘ಯುಟಿಲಿಟಿ ಚಾರ್ಜ್’ ಎಂಬುದೊಂದು ಮುಂಗಡವಾಗಿ ಕಟ್ಟಬೇಕು, ಶನಿವಾರ ಭಾನುವಾರ ಇಲ್ಲ, ಹಬ್ಬದ ದಿನ ಇಲ್ಲ, ವಾರಗಟ್ಟಲೆ ಮೊದಲೇ ಬುಕ್ ಮಾಡಬೇಕು, ಅವಧಿ ಮುಗಿದರೆ ಅದು ಬರೀ ಕಾಗದ. ಡಿನ್ನರ್ ಸೆಟ್ಟು ಸಿಕ್ಕಿತೆಂದೇ ಇಟ್ಟುಕೊಳ್ಳಿ. ಅದಕ್ಕೆ ಕೊಟ್ಟದ್ದು ಮಕ್ಕಳ ಜೊತೆ ಕಳೆಯಬೇಕಾಗಿದ್ದ ಒಂದು ಇಡೀ ಸಂಜೆ, ಎಂದೆಂದಿಗೂ ಬಿಡದೆ ಫೋನು ಮಾಡುವವರ ಕೈಗೆ ಹೋದ ನಿಮ್ಮ ನಂಬರು, ‘ನಿಮ್ಮ ಸ್ನೇಹಿತರ ನಂಬರ್ ಕೊಟ್ಟರೆ ಇನ್ನೊಂದು ಗಿಫ್ಟ್’ ಎಂದಾಗ ಅವರನ್ನು ಕೇಳದೆಯೇ ಬರೆದುಕೊಟ್ಟ ಐದು ಹೆಸರುಗಳು. ಆ ಐದರಲ್ಲಿ ಒಂದು ಹೆಸರು ನಿಮ್ಮ ಆ ಮೇಷ್ಟ್ರದ್ದಾಗಿರಬಹುದು. ನೀವು ಗೆದ್ದು ಬಂದೆವೆಂದುಕೊಂಡ ಆಟದಲ್ಲಿ ಮುಂದಿನ ಆಟಗಾರನನ್ನು ಕಳಿಸಿದವರು ನೀವೇ ಆಗಿರಬಹುದು. ಆ ಉಡುಗೊರೆಯ ಬೆಲೆಯನ್ನು ಯಾರೋ ತೆತ್ತಿದ್ದಾರೆ, ಮತ್ತು ಅವರು ನಿಮಗೆ ಗುರುತಿರುವವರು.

ಫೋನು ಮಾಡಿದ ಆ ಹುಡುಗಿಯನ್ನೂ ಮರೆಯಬೇಡಿ. ಅವಳು ಯಾವುದೋ ತಾಲ್ಲೂಕಿನ ಕಾಲೇಜಿನಲ್ಲಿ ಡಿಗ್ರಿ ಮುಗಿಸಿ ಬೆಂಗಳೂರಿಗೆ ಬಂದವಳು, ಪಿಜಿಯ ಬಾಡಿಗೆ ಕಟ್ಟಿ ಉಳಿದದ್ದನ್ನು ಊರಿಗೆ ಕಳಿಸುವವಳು. ಅವಳಿಗೆ ಟಾರ್ಗೆಟ್ಟಿದೆ. ದಿನಕ್ಕೆ ಎಷ್ಟೋ ಸಲ ಬೈಗುಳ ಕೇಳುತ್ತಾಳೆ, ಯಾರದೋ ಅಪ್ಪನನ್ನು ಅಪ್ಪಾ ಎಂದು ಕರೆದು ಆ ಹಾಲಿಗೆ ಬರಮಾಡುತ್ತಾಳೆ, ಯಾವ ಲಕ್ಕಿ ಡ್ರಾವೂ ನಡೆದಿಲ್ಲ ಎಂದು ಅವಳಿಗೆ ಅನುಮಾನ ಬಂದರೂ ಕೇಳುವ ಹಾಗಿಲ್ಲ. ಅವಳ ಮೇಲೆ ಕೂಗಾಡಬೇಡಿ. ಅವಳ ಕಂಪನಿ ಆ ಕೆಲಸವನ್ನು ಉಳಿಸಿಕೊಂಡಿರುವುದು ನಾವು ಹೋಗುತ್ತಿರುವುದರಿಂದ. ಆ ಹಾಲು ತುಂಬುತ್ತಿರುವವರೆಗೆ ಫೋನು ನಿಲ್ಲುವುದಿಲ್ಲ.

ರಜೆಯ ಮನೆಯನ್ನು ಹಲವರು ಹಂಚಿಕೊಳ್ಳುವುದರಲ್ಲೇ ಪಾಪವಿದೆ ಎಂದು ನಾನು ಹೇಳುತ್ತಿಲ್ಲ. 1960ರ ದಶಕದಲ್ಲಿ ಯುರೋಪಿನ ಆಲ್ಪ್ಸ್ ಸೀಮೆಯಲ್ಲಿ ಇದು ಶುರುವಾದಾಗ, ಒಂದು ಇಡೀ ಮನೆ ಕೊಳ್ಳಲಾಗದ ಕುಟುಂಬ ಅದರ ಒಂದೆರಡು ವಾರವನ್ನಾದರೂ ಕೊಳ್ಳಲಿ ಎಂಬುದು ಒಳ್ಳೆಯ ಆಲೋಚನೆಯೇ ಆಗಿತ್ತು. 1980ರ ದಶಕದಲ್ಲಿ ನಮ್ಮ ದೇಶಕ್ಕೂ ಬಂತು. ಕರಾರನ್ನು ಓದಿ, ಲೆಕ್ಕ ಹಾಕಿ, ತಿಳಿದು ಕೊಂಡು, ವರ್ಷ ವರ್ಷ ಹೋಗಿ ಬರುವ ಸಂತೋಷದ ಕುಟುಂಬಗಳೂ ಇವೆ. ನನ್ನ ಅಳಲು ಇಷ್ಟೇ: ಒಳ್ಳೆಯ ವಸ್ತುವನ್ನು ಮನೆಗೆ ಹೋಗಿ ಮಲಗಿ ಎದ್ದು ಬೆಳಿಗ್ಗೆ ಕೊಳ್ಳಲು ಯಾಕೆ ಬಿಡುವುದಿಲ್ಲ? ಅದು ನಿಜಕ್ಕೂ ಒಳ್ಳೆಯದಾಗಿದ್ದರೆ, ಅದನ್ನು ನೋಡಲು ಬರುವುದಕ್ಕೇ ಯಾಕೆ ಲಂಚ ಕೊಡಬೇಕು?

ಬೇರೆ ದೇಶಗಳು ಈ ಪ್ರಶ್ನೆಯನ್ನು ಕೇಳಿಕೊಂಡಿವೆ. ಸ್ಪೇನಿನ ಕಡಲತೀರಗಳಲ್ಲಿ ರಜೆಗೆ ಬಂದವರ ಕೈಗೆ ಕೆರೆಯುವ ಲಾಟರಿ ಚೀಟಿ ಕೊಟ್ಟು, ಬಹುಮಾನ ಬಂತೆಂದು ಕರೆದೊಯ್ದು ಕೂರಿಸುತ್ತಿದ್ದ ಕಾಲವಿತ್ತು. ಅಲ್ಲಿ ಕಳೆದುಕೊಂಡವರು ಮಾತಾಡಿದರು. 1994ರಲ್ಲಿ ಯುರೋಪಿಯನ್ ಒಕ್ಕೂಟ ಮೊದಲ ಟೈಮ್‌ಶೇರ್ ನಿಯಮ ತಂದಿತು, 2008ರಲ್ಲಿ ಅದನ್ನು ಬಿಗಿಮಾಡಿತು: ಸಹಿ ಹಾಕಿದ ಮೇಲೆ 14 ದಿನ ಯಾವ ಕಾರಣವನ್ನೂ ಕೊಡದೆ ಹಿಂದೆಗೆಯಬಹುದು, ಆ ದಿನಗಳಲ್ಲಿ ಒಂದು ಪೈಸೆಯನ್ನೂ ಮುಂಗಡ ಪಡೆಯುವಂತಿಲ್ಲ, ಕರೆಯೋಲೆಯಲ್ಲೇ ‘ಇದು ಮಾರಾಟದ ಸಭೆ’ ಎಂದು ಸ್ಪಷ್ಟವಾಗಿ ಹೇಳಬೇಕು. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಹಿಂದೆಗೆಯಲು 10 ದಿನವಿದೆ. ನಮ್ಮಲ್ಲಿ? ಕಂಪನಿ ತಾನಾಗಿ ಕರಾರಿನಲ್ಲಿ ಬರೆದುಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಕೊಂಡವರಿಗೆಲ್ಲ ಇಷ್ಟು ದಿನ ಎಂದು ಹಕ್ಕು ಕಟ್ಟಿಕೊಡುವ ಟೈಮ್‌ಶೇರ್ ಕಾನೂನೊಂದು ಈ ದೇಶದಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿಲ್ಲ, ಏಕೆಂದರೆ ಕಳೆದುಕೊಂಡವರು ನಾಚಿಕೆಯಿಂದ ಸುಮ್ಮನಿದ್ದಾರೆ, ಕಳೆದುಕೊಳ್ಳದವರು ಗಿಫ್ಟು ಹಿಡಿದು ಸುಮ್ಮನಿದ್ದಾರೆ.

ಆದರೂ ನಮ್ಮ ಕೈ ಪೂರ್ತಿ ಕಟ್ಟಿಹೋಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಕೊಡುವ ಉದ್ದೇಶವಿಲ್ಲದೆ ಉಡುಗೊರೆ ಬಹುಮಾನಗಳ ಆಸೆ ತೋರಿಸುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. ವ್ಯವಹಾರದ ಮೊತ್ತದೊಳಗೇ ಬೆಲೆಯನ್ನು ಸೇರಿಸಿಕೊಂಡು ‘ಪುಕ್ಕಟೆ’ ಎಂಬ ಭಾವನೆ ಹುಟ್ಟಿಸುವುದನ್ನೂ ಅದೇ ಸಾಲಿಗೆ ಸೇರಿಸುತ್ತದೆ. ಗ್ರಾಹಕರ ವಿರುದ್ಧ ಒಂದೇ ಕಡೆಗೆ ವಾಲಿದ ಕರಾರುಗಳನ್ನು ಪ್ರಶ್ನಿಸಲು ದಾರಿ ಕೊಡುತ್ತದೆ. ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವಿರುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಮೊತ್ತ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆಯೂ ವಾದಿಸಬಹುದು, ಆದರೆ ಎರಡು ವರ್ಷದೊಳಗೆ ಹೋಗಬೇಕು. ಮೊದಲ ಹೆಜ್ಜೆಯಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಒಂದು ಫೋನು ಸಾಕು. ಮೇಷ್ಟ್ರಿಗೆ ಇದು ಗೊತ್ತಿಲ್ಲ. ನಿಮಗೆ ಗೊತ್ತು.

ಮೋಸಹೋದದ್ದನ್ನು ಮನೆಯವರಿಗೂ ಹೇಳದೆ ಎದೆಯಲ್ಲಿಟ್ಟುಕೊಂಡವರು ನಿಮ್ಮಲ್ಲೇ ಕೆಲವರಿದ್ದೀರಿ. ನಿಮಗೆ ಕೈಮುಗಿದು ಹೇಳುತ್ತೇನೆ: ಆ ನಾಚಿಕೆ ನಿಮ್ಮದಲ್ಲ. ನಂಬಿದವರು ನಾಚಬೇಕಿಲ್ಲ, ನಂಬಿಕೆಯನ್ನು ಮಾರಿದವರು ನಾಚಬೇಕು. ನಿಮ್ಮ ಮೌನದ ಮೇಲೆಯೇ ಮುಂದಿನ ಭಾನುವಾರದ ಕುರ್ಚಿಗಳನ್ನು ಜೋಡಿಸುತ್ತಿದ್ದಾರೆ. ಮದುವೆ ಮನೆಯಲ್ಲಿ, ವಾಕಿಂಗಿನಲ್ಲಿ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಮ್ಮೆ ಬಾಯಿಬಿಟ್ಟು ಹೇಳಿ. ನಿಮ್ಮ ಒಂದು ಮಾತು ಯಾರದೋ ಮುಪ್ಪಿನ ಔಷಧಿಯ ದುಡ್ಡನ್ನು ಉಳಿಸಬಹುದು.

ಗೆದ್ದು ಬಂದವರಲ್ಲಿ ಕೇಳುವುದೂ ಇಷ್ಟೇ. ನೀವು ಒಳ್ಳೆಯವರು. ಬಸ್ಸಿನಲ್ಲಿ ವಯಸ್ಸಾದವರಿಗೆ ಸೀಟು ಬಿಟ್ಟುಕೊಡುವವರು, ಬೇರೆಯವರ ಅನ್ನ ಕಿತ್ತು ತಿನ್ನುವ ಜನವಲ್ಲ ನೀವು. ಆ ಹಾಲಿನಲ್ಲಿ ನಿಮಗೆ ಅರಿವಿಲ್ಲದೆ ನಿಮ್ಮಿಂದ ಹಾಗೆ ಮಾಡಿಸಿದ್ದಾರೆ. ಇನ್ನು ಮೇಲೆ ಅರಿವಿಲ್ಲ ಎನ್ನುವ ಹಾಗಿಲ್ಲ. ಆ ಫೋನು ಬಂದಾಗ ಬೇಡ ಎನ್ನಿ, ಆ ಹುಡುಗಿಗೆ ನೋವಾಗದ ಹಾಗೆ ಎನ್ನಿ. ಕೂಪನ್ನು ತುಂಬಬೇಡಿ. ಒಬ್ಬರ ನಂಬರನ್ನೂ ಬರೆದುಕೊಡಬೇಡಿ. ನಿಮ್ಮ ಮನೆಯಲ್ಲಿ ಯಾರಾದರೂ ಈಗಾಗಲೇ ಸಹಿ ಹಾಕಿದ್ದರೆ ಬೈಯಬೇಡಿ, ಪಕ್ಕದಲ್ಲಿ ಕೂತು ಆ ಇಂಗ್ಲಿಷ್ ಕರಾರನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿ, ಹಿಂದೆಗೆಯುವ ದಿನಗಳು ಉಳಿದಿದ್ದರೆ ಕರಾರು ರದ್ದು ಮಾಡಿ ಎಂದು ಅವತ್ತೇ ಲಿಖಿತವಾಗಿ ಕೊಡಿಸಿ. ಹಿಂದೆಗೆಯುವ ಹಕ್ಕನ್ನು ಕಾನೂನಾಗಿ ಕೊಡಿ ಎಂದು, ಸಹಿ ಹಾಕುವವನ ಭಾಷೆಯಲ್ಲೇ ಕರಾರು ಇರಲಿ ಎಂದು ನಿಮ್ಮ ಸಂಸದರಿಗೆ, ಶಾಸಕರಿಗೆ ಬರೆಯಿರಿ.

ಮತ್ತು ಇವತ್ತೇ, ಊರಿನಲ್ಲಿರುವ ಅಪ್ಪ ಅಮ್ಮನಿಗೆ, ನಿಮಗೆ ಅಕ್ಷರ ಕಲಿಸಿದ ಮೇಷ್ಟ್ರಿಗೆ ಫೋನು ಮಾಡಿ. ಗಿಫ್ಟು ಬಂದಿದೆ ಎಂದು ಯಾರಾದರೂ ಕರೆದರಾ ಎಂದು ಕೇಳಿ. ಕರೆದಿದ್ದರೆ, ‘ಹೋಗಬೇಡಿ, ಹೋಗಲೇಬೇಕು ಅನ್ನಿಸಿದರೆ ನಾನು ಬರುವವರೆಗೆ ಯಾವುದಕ್ಕೂ ಸಹಿ ಹಾಕಬೇಡಿ’ ಎಂದು ಹೇಳಿ. ನಿಮಗೆ ಗೊತ್ತಿರುವುದು ಅವರಿಗೂ ಗೊತ್ತಾಗಲಿ.